ದಿನಾ ಓಡಿಸೋ ಪಿಕಪ್‌ಗೆ ಲಿಫ್ಟ್ ಕಿಟ್ ಹಾಕಿಸೋ ಮುಂಚೆ ಇದನ್ನೊಮ್ಮೆ ಓದಿ

ಗಾಡಿಯನ್ನು ಎತ್ತರಿಸೋ ಹೊಸ ಸಸ್ಪೆನ್ಷನ್ (ಲಿಫ್ಟ್ ಕಿಟ್) ಹಾಕಿಸಿ ಮೂರು ವಾರ ಆಗಿತ್ತು. ಹಿಂದಿನ ಸೀಟಲ್ಲಿ ಕೂತಿದ್ದ ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದನ್ನು ಕನ್ನಡಿಯಲ್ಲಿ ನೋಡಿದೆ. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಮನೆ ಮುಂದೆ ಇಳಿದ ಮೇಲೆ, "ಇನ್ಮೇಲೆ ನಾನು ಬಸ್ಸಲ್ಲೇ ಹೋಗಿ ಬರ್ತೀನಿ ಕಣೋ, ಸೊಂಟ ತಡೆಯಲ್ಲ" ಅಂದರು. ಅಷ್ಟು ಹೊತ್ತಿಗೆ ನನ್ನ ಬೆನ್ನೂ ಅದನ್ನೇ ಹೇಳ್ತಿತ್ತು. ಆದರೂ "ಆಫ್‌ರೋಡ್ ಗಾಡಿ ಅಂದ್ರೆ ಹೀಗೇ ಇರೋದು" ಅಂತ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಹೀಗೇ ಇರಬೇಕಾಗಿಲ್ಲ. ಅದು ತಿಳಿಯೋದಕ್ಕೆ ನನಗೆ ಎಂಟು ತಿಂಗಳು ಬೇಕಾಯ್ತು, ಒಂದು ಸಲ ಪ್ರಾಣಕ್ಕೇ ಕುತ್ತು ಬರೋ ಹಾಗೂ ಆಯ್ತು. ನೀವು ಅದೇ ಹಳ್ಳಕ್ಕೆ ಬೀಳಬಾರದು ಅಂತ ಇದನ್ನು ಬರೀತಿದ್ದೀನಿ.

ನನ್ನದು ಡಬಲ್ ಕ್ಯಾಬ್ ಪಿಕಪ್. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಕಮಾನು ಪಟ್ಟಿ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್) ಮತ್ತು ಗಟ್ಟಿ ಆಕ್ಸಲ್. ವಾರದಲ್ಲಿ ಆರು ದಿನ ಕೆಲಸಕ್ಕೆ ಹೋಗಿ ಬರೋದು, ವರ್ಷಕ್ಕೆ ಎರಡೋ ಮೂರೋ ಸಲ ಕಾಡುದಾರಿ, ಬೆಟ್ಟ. ಉಕ್ಕಿನ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯೋ ಯಂತ್ರ), ಹಿಂದೆ ಕ್ಯಾನಪಿ (ಸಾಮಾನಿನ ಜಾಗದ ಮೇಲಿನ ಮುಚ್ಚಳ), ಮೇಲೊಂದು ಟೆಂಟ್ ಹಾಕಿಸೋ ಆಸೆ ಇತ್ತು. ಅಂಗಡಿಯವನು "ಏನೇನು ಹಾಕಿಸ್ತೀರ?" ಅಂತ ಕೇಳಿದಾಗ ಈ ಆಸೆಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಮುಂದೆ ಬಂಪರ್ ಮತ್ತು ವಿಂಚ್ ಭಾರಕ್ಕೆ ಮಾಡಿದ ಸ್ಪ್ರಿಂಗ್, ಹಿಂದೆ ಸದಾ 300 ಕೆ.ಜಿ. ಹೊರೋ ಗಾಡಿಗೆ ಅಂತ ಇರೋ ಪಟ್ಟಿ ಸೆಟ್, 50 ಮಿ.ಮೀ. ಲಿಫ್ಟ್, ದಪ್ಪ ಗೋಡೆಯ ಹತ್ತು ಪ್ಲೈ ಟೈರು, ಎಲ್ಲ ಒಂದೇ ದಿನದಲ್ಲಿ ಕೂತವು. ಬಂಪರ್ ಮಾತ್ರ ಬರಲೇ ಇಲ್ಲ. ಕ್ಯಾನಪಿ, ಟೆಂಟ್ "ಮುಂದಿನ ವರ್ಷ ನೋಡೋಣ" ಅಂತಾಯ್ತು. ಹೊರೋಕೆ ಏನೂ ಇಲ್ಲದ ಗಾಡಿ ಹೊರೆಯ ಸ್ಪ್ರಿಂಗ್ ಮೇಲೆ ನಿಂತಿತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಎಲ್ಲ ತಪ್ಪೂ ಇದರಿಂದಲೇ ಶುರುವಾಗಿದ್ದು. ಸವಾರಿ ಮೆತ್ತಗಿರುತ್ತೋ ಗಟ್ಟಿ ಇರುತ್ತೋ ಅನ್ನೋದು ಬರೀ ಸ್ಪ್ರಿಂಗಿನಿಂದ ತೀರ್ಮಾನ ಆಗಲ್ಲ. ಅದರ ಮೇಲೆ ಎಷ್ಟು ಭಾರ ಕೂತಿದೆ, ಆ ಭಾರಕ್ಕೆ ಸ್ಪ್ರಿಂಗ್ ಎಷ್ಟು ಜಗ್ಗಿದೆ ಅನ್ನೋದರಿಂದ ಆಗುತ್ತೆ. ಗಾಡಿಯ ಭಾರಕ್ಕೆ ಸ್ಪ್ರಿಂಗ್ 250 ಮಿ.ಮೀ. ಜಗ್ಗಿದ್ರೆ ಬಾಡಿ ಸೆಕೆಂಡಿಗೆ ಸುಮಾರು ಒಂದು ಸಲ ತೂಗುತ್ತೆ. 100 ಮಿ.ಮೀ. ಜಗ್ಗಿದ್ರೆ 1.6 ಸಲ, ಬರೀ 50 ಮಿ.ಮೀ. ಜಗ್ಗಿದ್ರೆ 2.2 ಸಲ. ಆರಾಮದ ಕಾರುಗಳು ಒಂದರಿಂದ ಒಂದೂವರೆ ಒಳಗೆ ಇರುತ್ತವೆ. ಆಮೇಲೆ ನಾನೇ ಶಾಕ್‌ನ (ಸ್ಪ್ರಿಂಗಿನ ತೂಗಾಟ ತಡೆಯೋ ಶಾಕ್ ಅಬ್ಸಾರ್ಬರ್) ಕೆಳಬೋಲ್ಟ್ ಬಿಚ್ಚಿ, ಚಾಸಿ ಎತ್ತಿ ಪಟ್ಟಿಯ ಮೇಲಿನ ಭಾರ ತೆಗೆದು, ಹಬ್‌ನಿಂದ ಮಡ್‌ಗಾರ್ಡ್ ಅಂಚಿನ ತನಕ ಅಳೆದೆ. ಮತ್ತೆ ಇಳಿಸಿ ಅಳೆದೆ. ವ್ಯತ್ಯಾಸ 45 ಮಿ.ಮೀ. ಹಳೇ ಪಟ್ಟಿಯಲ್ಲಿ ಅದು 95 ಇತ್ತು.

ಕಮಾನು ಪಟ್ಟಿಯಲ್ಲಿ ಇನ್ನೊಂದು ತೊಂದರೆ ಇದೆ. ಪಟ್ಟಿಗಳು ಒಂದರ ಮೇಲೊಂದು ಜಾರಿದ್ರೆ ಮಾತ್ರ ಅದು ಸ್ಪ್ರಿಂಗ್. ಹೆಚ್ಚು ಪಟ್ಟಿ, ಹೆಚ್ಚು ಉಜ್ಜಾಟ. ರಸ್ತೆಯ ಸಣ್ಣ ಏರುಪೇರಿಗೆ ಆ ಉಜ್ಜಾಟ ಬಿಡಿಸಿಕೊಳ್ಳೋ ಶಕ್ತಿ ಇರಲ್ಲ. ಆಗ ಪಟ್ಟಿ ಬರೀ ಕಬ್ಬಿಣದ ತೊಲೆ ಇದ್ದ ಹಾಗೆ, ಇಡೀ ಗಾಡಿ ಟೈರಿನ ರಬ್ಬರ್ ಮೇಲೆ ಕುಣಿಯುತ್ತೆ. ಕೂತಿರೋ ಮನುಷ್ಯನ ದೇಹಕ್ಕೆ ಮೇಲೆ ಕೆಳಗೆ ಆಗೋ ಕಂಪನದಲ್ಲಿ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ್ದೇ ಅತಿ ಕಷ್ಟದ್ದು, ಈ ಕುಣಿತ ಹೆಚ್ಚುಕಮ್ಮಿ ಅದರ ಹತ್ತಿರಕ್ಕೇ ಹೋಗುತ್ತೆ. ಅಮ್ಮನ ಸೊಂಟ ಹೇಳಿದ್ದು ಇದನ್ನೇ.

ಅಂಗಡಿಗೆ ವಾಪಸ್ ಹೋದೆ. "ಹೊಸದಲ್ವಾ ಸರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಅಂದರು. ಪಟ್ಟಿ ಸ್ವಲ್ಪ ಕೂರೋದು ನಿಜ. ಆದರೆ ಕೂತಾಗ ಕಡಿಮೆಯಾಗೋದು ಎತ್ತರ. ಗಟ್ಟಿತನ ಹೋಗಲ್ಲ. ಈ ಒಂದು ಮಾತು ನಂಬಿ ನಾನು ಎರಡು ತಿಂಗಳು ಕಳೆದೆ.

ಎರಡನೇ ಸಲ ಹೋದಾಗ ಶಾಕ್‌ನ ತಿರುಪು ತೋರಿಸಿ, "ಇನ್ನೂ ನಾಲ್ಕು ಕ್ಲಿಕ್ ಬಿಗಿ ಮಾಡಿ, ಕಂಟ್ರೋಲ್ ಬರುತ್ತೆ, ಕುಲುಕಾಟ ನಿಲ್ಲುತ್ತೆ" ಅಂದರು. ಬಿಗಿ ಮಾಡಿಕೊಂಡೆ. ಹಂಪ್ ದಾಟಿದ ಮೇಲೆ ಗಾಡಿಯ ತೂಗಾಟ ಒಂದೇ ಸಲಕ್ಕೆ ನಿಲ್ಲೋಕೆ ಶುರುವಾಯ್ತು, ಸರಿ ಹೋಯ್ತು ಅಂದುಕೊಂಡೆ. ಮುಂದಿನ ವಾರ ಸಣ್ಣ ಮಳೆ. ಅಲೆ ಅಲೆಯಾಗಿ ಎದ್ದಿದ್ದ ಡಾಂಬರಿನ ಒಂದು ಎಡತಿರುವು, ನಾನು ದಿನಾ ಹೋಗೋ ದಾರಿ, ದಿನದ ವೇಗವೇ. ಮೊದಲ ಮೂರು ಉಬ್ಬಿನ ತನಕ ಏನೂ ಗೊತ್ತಾಗಲಿಲ್ಲ. ನಾಲ್ಕನೆಯದಕ್ಕೆ ಹಿಂಭಾಗ ಟಪ ಟಪ ಅಂತ ಬಡಿದು ಹೊರಗಡೆಗೆ ಜಾರಿತು. ಸ್ಟೇರಿಂಗ್ ತಿರುಗಿಸಿ ಹಿಡಿದೆ, ಎದುರು ಸಾಲಿನ ಅರ್ಧಕ್ಕೆ ಬಂದು ನಿಂತಿದ್ದೆ. ಎದುರಿಂದ ಯಾರೂ ಬರ್ತಿರಲಿಲ್ಲ. ಅಷ್ಟೇ ನನ್ನನ್ನು ಉಳಿಸಿದ್ದು.

ಆಗಿದ್ದು ಏನು ಅಂದ್ರೆ, ನಾನು ಬಿಗಿ ಮಾಡಿದ್ದು ಹೆಚ್ಚಾಗಿ ರೀಬೌಂಡ್, ಅಂದ್ರೆ ಒತ್ತಿದ ಶಾಕ್ ಮತ್ತೆ ಉದ್ದ ಆಗೋದನ್ನು ತಡೆಯೋ ಬಿಗಿ. ಅದು ಅತಿಯಾದ್ರೆ ಒಂದು ಉಬ್ಬು ದಾಟಿ ಚಕ್ರ ಕೆಳಗಿಳಿಯೋ ಮುಂಚೆ ಮುಂದಿನ ಉಬ್ಬು ಬಂದಿರುತ್ತೆ. ಪ್ರತಿ ಉಬ್ಬಿಗೂ ಶಾಕ್ ಇಷ್ಟಿಷ್ಟೇ ಕುಗ್ಗುತ್ತಾ ಹೋಗಿ ಕೊನೆಗೆ ರಬ್ಬರ್ ಬಂಪ್ ಸ್ಟಾಪ್‌ಗೆ ಬಡಿಯುತ್ತೆ. ಚಕ್ರ ನೆಲ ಬಿಡುತ್ತೆ, ನೆಲ ಬಿಟ್ಟ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ದಯವಿಟ್ಟು ನಿಮ್ಮ ಶಾಕ್‌ನ ತಿರುಪು ಏನನ್ನು ಬದಲಿಸುತ್ತೆ ಅಂತ ಮೊದಲು ತಿಳ್ಕೊಳ್ಳಿ. ಕೆಲವು ಬರೀ ರೀಬೌಂಡ್, ಕೆಲವು ಬರೀ ಕಂಪ್ರೆಷನ್ (ಶಾಕ್ ಒತ್ತಿಕೊಳ್ಳೋದನ್ನು ತಡೆಯೋ ಬಿಗಿ), ಕೆಲವು ಎರಡನ್ನೂ ಒಟ್ಟಿಗೆ ಬದಲಿಸ್ತವೆ. "ಲೋ ಸ್ಪೀಡ್", "ಹೈ ಸ್ಪೀಡ್" ಅಂತ ಬರೆದಿದ್ರೆ ಅದು ಗಾಡಿಯ ವೇಗ ಅಲ್ಲ, ಶಾಕ್‌ನ ದಂಡ ಒಳಗೆ ಹೊರಗೆ ಹೋಗೋ ವೇಗ. ನಿಧಾನ ಹೋಗ್ತಿದ್ರೂ ಚೂಪು ಗುಂಡಿಗೆ ಬಿದ್ರೆ ಅದು ಹೈ ಸ್ಪೀಡ್. ತಿರುಪನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಕ್ಲಿಕ್ ಎಣಿಸಿ, ಬರೆದಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿ.

ಆ ದಿನದ ಮೇಲೆ ಆ ಅಂಗಡಿಗೆ ಕಾಲಿಡಲಿಲ್ಲ. ಲಾರಿ ಪಟ್ಟಿ ಕೆಲಸವನ್ನೇ ಮಾಡಿಕೊಂಡು ಬಂದಿದ್ದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ತಗೊಂಡು ಹೋದೆ. ಅವರು ಓಡಿಸಿ ನೋಡಲೇ ಇಲ್ಲ. ಕೆಳಗೆ ಮಲಗಿ, ಟಾರ್ಚ್ ಹಾಕಿ, ಪಟ್ಟಿಯ ಹಿಂದಿನ ತುದಿಯನ್ನು ಚಾಸಿಗೆ ಸೇರಿಸೋ ತೂಗುಕೊಂಡಿ, ಅಂದ್ರೆ ಶ್ಯಾಕಲ್ ತೋರಿಸಿದರು. ಗಾಡಿ ನೆಲದ ಮೇಲಿದ್ದಾಗ ಅದು ಹಿಂದಕ್ಕೆ ಓರೆಯಾಗಿರಬೇಕು. ನನ್ನದು ಕಂಬದ ಹಾಗೆ ನೆಟ್ಟಗೆ ನಿಂತಿತ್ತು. ಪಟ್ಟಿ ಚಪ್ಪಟೆ ಆಗುವಾಗ ಉದ್ದ ಆಗುತ್ತೆ, ಆ ಉದ್ದಕ್ಕೆ ಜಾಗ ಕೊಡೋದು ಶ್ಯಾಕಲ್. ಅದು ನೆಟ್ಟಗಿದ್ರೆ ಪಟ್ಟಿ ತಿಣುಕಾಡುತ್ತೆ. ಆಮೇಲೆ ಬುಷ್ (ಬೋಲ್ಟ್ ಕೂರೋ ರಬ್ಬರ್ ಕೊಳವೆ) ನೋಡಿದರು. ರಬ್ಬರ್ ಮೇಲೆ ತಿರುಚಿದ ಬಟ್ಟೆಯ ಹಾಗೆ ಸುಕ್ಕು, ಒಂದು ಕಡೆ ಸೀಳು. "ಇದನ್ನ ಗಾಡಿ ಜಾಕ್ ಮೇಲಿದ್ದಾಗಲೇ ಬಿಗಿ ಮಾಡಿದ್ದಾರೆ" ಅಂದರು.

ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು. ರಬ್ಬರ್ ಬುಷ್‌ನ ಬೋಲ್ಟ್ ಬಿಗಿ ಮಾಡಿದಾಗ ಅದರ ಒಳಗಿನ ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತೆ, ಆಮೇಲೆ ತಿರುಗೋದು ಬರೀ ರಬ್ಬರ್. ಚಕ್ರ ತೂಗಾಡ್ತಿರುವಾಗ ಬಿಗಿ ಮಾಡಿದ್ರೆ, ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತೆ. ಸ್ಪ್ರಿಂಗ್ ಜೊತೆ ಇನ್ನೊಂದು ಸ್ಪ್ರಿಂಗ್ ಸೇರಿಸಿದ ಹಾಗೆ. ಪಟ್ಟಿ ಕಣ್ಣಿನ ಬೋಲ್ಟ್ ಆಗಲಿ, ಮುಂದಿನ ಕೆಳತೋಳಿನ ಬೋಲ್ಟ್ ಆಗಲಿ, ಚಕ್ರಗಳು ನೆಲದ ಮೇಲೆ ನಿಂತು ಗಾಡಿಯ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ. ಅವರು ನೆಲದ ಮೇಲೆ ಬೋಲ್ಟ್ ಸಡಿಲಿಸಿದಾಗ "ಟಕ್" ಅಂತ ಸದ್ದಾಗಿ ಹಿಂಭಾಗ ಒಂದು ಬೆರಳು ಕೆಳಗೆ ಕೂತಿದ್ದನ್ನು ನಾನು ಕಣ್ಣಾರೆ ನೋಡಿದೆ.

ಗಾಡಿಯ ಮುಂಭಾಗದ ಕಥೆ ಬೇರೆ. ಕಾಯಿಲ್ ಮೇಲಿನ ರಿಂಗ್ ತಿರುಗಿಸಿ ಇನ್ನಷ್ಟು ಎತ್ತರ ಕೊಟ್ಟಿದ್ದರು. ಇದಕ್ಕೆ ಪ್ರಿಲೋಡ್ ಅಂತಾರೆ. ಸ್ಪ್ರಿಂಗ್‌ನ ಗಟ್ಟಿತನ ಇದರಿಂದ ಬದಲಾಗಲ್ಲ, ಆದರೆ ಚಕ್ರ ಕೆಳಗೆ ಇಳಿಯೋಕೆ ಇದ್ದ ಜಾಗವನ್ನು ಎತ್ತರ ತಿಂದುಹಾಕುತ್ತೆ. ಹಂಪ್ ದಾಟಿದ ತಕ್ಷಣ ಮುಂದಿನಿಂದ ಲೋಹಕ್ಕೆ ಲೋಹ ಬಡಿದ ಹಾಗೆ ಸದ್ದು ಬರ್ತಿದ್ರೆ ಶಾಕ್ ಪೂರ್ತಿ ಉದ್ದಕ್ಕೆ ಎಳೆದು ನಿಲ್ತಿದೆ ಅಂತ ಅರ್ಥ. ನನ್ನದರಲ್ಲಿ ಡ್ರೈವ್ ಶಾಫ್ಟ್‌ನ ಕೋನ ಏರಿ ಬೂಟ್ (ಅದರ ಕೀಲು ಮುಚ್ಚೋ ರಬ್ಬರ್ ಚೀಲ) ಹರಿದು, ಒಳಗಿನ ಗ್ರೀಸ್ ರಿಮ್ಮಿನ ತುಂಬ ಸಿಡಿದಿತ್ತು. ಕ್ಯಾಸ್ಟರ್ (ಮುಂದಿನ ಚಕ್ರ ತಿರುಗೋ ಅಕ್ಷದ ಹಿಂದಕ್ಕಿನ ಓರೆ) ಕಡಿಮೆಯಾಗಿ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತಿದ್ದುದಕ್ಕೂ ಎತ್ತರವೇ ಕಾರಣ. ಲಿಫ್ಟ್ ಆದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಒಂದು ದಿನವೂ ಓಡಿಸಬೇಡಿ.

ಹಣ ಉಳಿಸೋಕೆ ಹೋಗಿ ಇಲ್ಲಿ ಇನ್ನೊಂದು ತಪ್ಪು ಮಾಡಿದೆ. ಹಿಂದೆ ಮಾತ್ರ ಹಳೇ ಪಟ್ಟಿ ವಾಪಸ್ ಹಾಕಿಸಿ, ಮುಂದಿನ ಗಟ್ಟಿ ಸ್ಪ್ರಿಂಗ್ ಹಾಗೇ ಬಿಟ್ಟೆ. ಬಡಿತ ನಿಂತಿತು, ಆದರೆ ಮೂತಿ ಮೇಲೆ ಕೆಳಗೆ ತೂಗೋಕೆ ಶುರುವಾಯ್ತು, ಅರ್ಧ ಗಂಟೆಗೆ ಕತ್ತು ನೋವು. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಎಂಜಿನಿಯರ್ ಮಾರಿಸ್ ಆಲಿ ತೋರಿಸಿಕೊಟ್ಟ ವಿಷಯ ಇದು: ಮುಂಭಾಗ ಹಿಂಭಾಗಕ್ಕಿಂತ ಸ್ವಲ್ಪ ನಿಧಾನ ತೂಗಬೇಕು. ಉಬ್ಬು ಮೊದಲು ಸಿಗೋದು ಮುಂದಿನ ಚಕ್ರಕ್ಕೆ. ತಡವಾಗಿ ಶುರು ಮಾಡೋ ಹಿಂಭಾಗ ಬೇಗ ತೂಗಿದ್ರೆ ಎರಡೂ ಒಟ್ಟಿಗೆ ಸೇರಿ ಗಾಡಿ ಸಮವಾಗಿ ಏರಿಳಿಯುತ್ತೆ. ನಾನು ಅದನ್ನು ತಲೆಕೆಳಗು ಮಾಡಿಕೊಂಡಿದ್ದೆ.

ಕೊನೆಗೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ನಾನು ದಿನಾ ಹೋಗೋ ಹಾಗೆ, ಅದೇ ಸಾಮಾನು, ಅದೇ ಡೀಸೆಲ್ ಮಟ್ಟ, ಗಾಡಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿದೆ. ಆ ಎರಡು ಅಂಕಿ ಹಿಡ್ಕೊಂಡು ಹೋದಾಗ ಸ್ಪ್ರಿಂಗ್ ಆರಿಸೋದು ಕಷ್ಟವೇ ಆಗಲಿಲ್ಲ. ಮುಂದೆ ಖಾಲಿ ಗಾಡಿಯ ಸ್ಪ್ರಿಂಗ್, ಹಿಂದೆ ಕಡಿಮೆ ಪಟ್ಟಿಯ ಸೆಟ್, ಲಿಫ್ಟ್ ಬರೀ 30 ಮಿ.ಮೀ. ಶಾಕ್‌ನ ದಂಡಕ್ಕೆ ಒಂದು ಜಿಪ್ ಟೈ ಕಟ್ಟಿ ಬಿಟ್ಟೆ. ಶಾಕ್ ಎಷ್ಟು ಒಳಗೆ ಹೋಯ್ತೋ ಅಷ್ಟು ಅದು ಜರುಗಿ ನಿಲ್ಲುತ್ತೆ. ಮೊದಲು ಗಟ್ಟಿ ಪಟ್ಟಿ ಇದ್ದಾಗ ಕೆಲಸಕ್ಕೆ ಹೋಗಿ ಬಂದ್ರೆ 20 ಮಿ.ಮೀ. ಜರುಗಿತ್ತು. ಈಗ 70, ಅಂದ್ರೆ ಸಸ್ಪೆನ್ಷನ್ ಕೆಲಸ ಮಾಡ್ತಿದೆ.

ಟೈರಿನ ಗಾಳಿ ಬಗ್ಗೆ ಒಂದೇ ಮಾತು. ಟೈರಿನ ಗೋಡೆಯ ಮೇಲೆ ಬರೆದಿರೋದು ಅತಿ ಹೆಚ್ಚು ಭಾರಕ್ಕೆ ಬೇಕಾದ ಒತ್ತಡ, ದಿನದ ಒತ್ತಡ ಅಲ್ಲ. ಅಂಗಡಿಯವರು 50 ಪಿ.ಎಸ್.ಐ. ತುಂಬಿದ್ದರು. ಟೈರ್ ಕಂಪನಿಯ ಭಾರದ ಚಾರ್ಟ್ ನೋಡಿ ನನ್ನ ತೂಕಕ್ಕೆ 36ಕ್ಕೆ ಇಳಿಸಿದೆ, ಅರ್ಧ ಕುಲುಕಾಟ ಅಲ್ಲೇ ಹೋಯ್ತು. ಚಾರ್ಟ್‌ನಲ್ಲಿ ಹೇಳಿದ್ದಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ, ಟೈರ್ ಬಿಸಿಯಾಗಿ ಸಿಡಿಯುತ್ತೆ.

ಈಗಾಗಲೇ ಹಿಂಭಾಗ ಎತ್ತಿಸಿರೋರು ಇವತ್ತೇ ಒಂದು ಕೆಲಸ ಮಾಡಿ. ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಹೋಗೋ ಒಂದು ಸಣ್ಣ ಕಡ್ಡಿ, ಅದರ ತುದಿಯಲ್ಲಿ ಬ್ರೇಕ್ ಪೈಪ್ ಸೇರಿರೋ ಒಂದು ವಾಲ್ವ್ ಇದೆಯಾ ಬಗ್ಗಿ ನೋಡಿ. ಎಲೆಕ್ಟ್ರಾನಿಕ್ ಬ್ರೇಕ್ ಹಂಚಿಕೆ ಇರೋ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ ಇರಲ್ಲ, ಹಳೇ ಪಿಕಪ್‌ಗಳಲ್ಲಿ ಇರುತ್ತೆ. ಹಿಂಭಾಗ ಎಷ್ಟು ಜಗ್ಗಿದೆ ನೋಡಿ ಹಿಂದಿನ ಬ್ರೇಕ್‌ಗೆ ಎಷ್ಟು ಒತ್ತಡ ಬಿಡಬೇಕು ಅಂತ ಅದು ತೀರ್ಮಾನಿಸುತ್ತೆ. ಗಾಡಿ ಎತ್ತಿದ್ರೆ, ಹಿಂದೆ ಭಾರವೇ ಇಲ್ಲ ಅಂದುಕೊಂಡು ಒತ್ತಡ ಕಡಿತಗೊಳಿಸುತ್ತೆ. ಸಾಮಾನು ತುಂಬಿ ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗಲೂ ಎಲ್ಲ ಕೆಲಸ ಮುಂದಿನ ಪ್ಯಾಡ್ ಮೇಲೇ ಬೀಳುತ್ತೆ. ನನ್ನ ಮುಂದಿನ ಪ್ಯಾಡ್ ಅಷ್ಟು ಬೇಗ ಯಾಕೆ ಸವೆದವು ಅಂತ ಎಂಟು ತಿಂಗಳು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಡ್ಡಿಯ ಬ್ರ್ಯಾಕೆಟ್ ಲಿಫ್ಟ್ ಆದಷ್ಟೇ ಎತ್ತರಿಸಿ ಹೊಂದಿಸಬೇಕು, ಅದು ಅರ್ಧ ಗಂಟೆ ಕೆಲಸ. ಹಾಕಿಸಿದ ಅಂಗಡಿಗೆ ಫೋನ್ ಮಾಡಿ "ಅದನ್ನು ಹೊಂದಿಸಿದ್ದೀರಾ?" ಅಂತ ನೇರವಾಗಿ ಕೇಳಿ. "ಯಾವ ಕಡ್ಡಿ?" ಅಂದ್ರೆ, ಬೇರೆಯವರ ಹತ್ತಿರ ಹೊಂದಿಸೋ ತನಕ ಗಾಡಿಗೆ ಭಾರ ಹೇರಬೇಡಿ.