ಫ್ಲೈವೀಲ್ ಹಲ್ಲಿಗೆ ವೆಲ್ಡಿಂಗ್ ಮಾಡಿಸಬೇಡಿ

ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಕೀ ತಿರುಗಿಸಿದಾಗ ‘ಝುಂಯ್’ ಅಂತ ಇಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಮಾತ್ರ ತಿರುಗಿ ಇಂಜಿನ್ ಅಲ್ಲಾಡದಿದ್ದರೆ, ಇಂಜಿನ್ ಇಳಿಸಲು ಯಾರಿಗೂ ಒಪ್ಪಬೇಡಿ. ನಾನು ಒಪ್ಪಿದೆ. ಒಂದು ಲೋಟ ಸೀಮೆಎಣ್ಣೆಯಲ್ಲಿ ಮುಗಿಯಬೇಕಿದ್ದ ಕೆಲಸ ಆರು ತಿಂಗಳು ಎಳೆದು, ಕೊನೆಗೆ ಆಗುಂಬೆ ಘಾಟಿಯ ನಡುವೆ ನನ್ನನ್ನೂ ಮಗಳನ್ನೂ ನಿಲ್ಲಿಸಿತು.

ನಮ್ಮದು 1965ರ ಎಂಜಿಬಿ, ಇಂಗ್ಲೆಂಡಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು. ತೀರ್ಥಹಳ್ಳಿ ಮನೆಯ ಶೆಡ್ಡಿನಲ್ಲಿರುತ್ತದೆ, ಮಳೆಗಾಲದಲ್ಲಿ ಹೊರಗೆ ತೆಗೆಯುವುದು ಕಮ್ಮಿ. ಆಯುಧ ಪೂಜೆಗೆ ತೊಳೆಯೋಣ ಅಂತ ಸ್ಟಾರ್ಟ್ ಮಾಡಲು ಹೋದರೆ ಝುಂಯ್ ಸದ್ದು. ಶಿವಮೊಗ್ಗದ ಒಂದು ಗ್ಯಾರೇಜಿನವರು ಬಂದು ನೋಡಿ, ‘ಸೆಲ್ಫ್ ಹೋಗಿದೆ ಸಾರ್, ರೀವೈಂಡಿಂಗ್ ಮಾಡ್ಬೇಕು’ ಅಂದರು, ಅಂದರೆ ಮೋಟಾರಿನೊಳಗೆ ತಂತಿ ಹೊಸದಾಗಿ ಸುತ್ತಿಸಬೇಕು ಅಂತ. ಮೋಟಾರ್ ಅಷ್ಟು ಜೋರಾಗಿ ತಿರುಗುತ್ತಿರುವಾಗ ವೈಂಡಿಂಗ್ ಹೇಗೆ ಹೋಗಿರುತ್ತದೆ ಅಂತ ನಾನು ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ.

1967ರವರೆಗಿನ ಎಂಜಿಬಿಯಲ್ಲಿ ಲ್ಯೂಕಾಸ್ ಕಂಪನಿಯ ಹಳೇ ನಮೂನೆಯ ಸೆಲ್ಫ್ ಇರುತ್ತದೆ. ಅದರಲ್ಲಿ ಪಿನಿಯನ್ನನ್ನು, ಅಂದರೆ ಮೋಟಾರ್ ಶಾಫ್ಟಿನ ಮೇಲಿನ ಸಣ್ಣ ಹಲ್ಲುಚಕ್ರವನ್ನು, ಮುಂದಕ್ಕೆ ದೂಡುವ ಲಿವರ್ ಇಲ್ಲ. ಶಾಫ್ಟ್ ಥಟ್ಟನೆ ತಿರುಗಿದಾಗ ಪಿನಿಯನ್ ತನ್ನ ಭಾರಕ್ಕೆ ಹಿಂದುಳಿದು, ಓರೆ ಥ್ರೆಡ್ ಮೇಲೆ ಜಾರಿ ಫ್ಲೈವೀಲಿನ, ಅಂದರೆ ಇಂಜಿನ್ನಿನ ತುದಿಯಲ್ಲಿರುವ ಭಾರದ ಚಕ್ರದ, ಸುತ್ತ ಕೂರಿಸಿದ ಹಲ್ಲಿನ ಬಳೆಗೆ (ರಿಂಗ್ ಗೇರ್) ಕಚ್ಚಿಕೊಳ್ಳುತ್ತದೆ. ಬೆಂಡಿಕ್ಸ್ ಅನ್ನುವುದು ಇದಕ್ಕೇ. ಆ ಥ್ರೆಡ್ ಸ್ವಚ್ಛವಾಗಿ, ಒಣಗಿ ಇರಬೇಕು. ಕ್ಲಚ್ ಪ್ಲೇಟಿನ ಪುಡಿ, ನಮ್ಮ ಮಳೆಯ ತೇವ ಎರಡೂ ಸೇರಿ ಅಂಟಾದರೆ ಪಿನಿಯನ್ ಜಾರುವುದಿಲ್ಲ, ಮೋಟಾರ್ ಖಾಲಿ ತಿರುಗುತ್ತದೆ. ನನ್ನ ಗಾಡಿಗೆ ಆಗಿದ್ದು ಇಷ್ಟೇ. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಹಾಕಿದ್ದರೆ ಸಾಕಿತ್ತು.

ಗ್ಯಾರೇಜಿನವರು ವೈಂಡಿಂಗ್ ಮಾಡಿಸಿದರು, ಕಾರ್ಬನ್ ಬ್ರಷ್ ಹಾಕಿದರು, ಬೆಂಡಿಕ್ಸ್ ತುಂಬ ಗ್ರೀಸ್ ಬಳಿದು ಕೊಟ್ಟರು. ಎಲ್ಲಕ್ಕಿಂತ ಕೆಟ್ಟದ್ದು ಆ ಗ್ರೀಸ್. ಒಂದೆರಡು ತಿಂಗಳು ಸರಿಯಿತ್ತು. ಆಮೇಲೆ ಪುಡಿಯೆಲ್ಲ ಗ್ರೀಸಿಗೆ ಮೆತ್ತಿಕೊಂಡು ಪಿನಿಯನ್ ಅರ್ಧಂಬರ್ಧ ಮಾತ್ರ ಮುಂದೆ ಬಂದು ಹಲ್ಲಿನ ತುದಿಯನ್ನು ಕರಕರ ಕೆರೆಯತೊಡಗಿತು. ಪ್ರತಿದಿನ ಬೆಳಿಗ್ಗೆ ಆ ಸದ್ದು ಕೇಳಿದರೆ ನನ್ನ ಹಲ್ಲೇ ಜುಮ್ಮೆನ್ನುತ್ತಿತ್ತು.

ಮತ್ತೆ ಅವರನ್ನೇ ಕರೆದೆ. ‘ಫ್ಲೈವೀಲ್ ಹಲ್ಲು ಸವೆದಿದೆ, ರಿಂಗ್ ಸಿಗಲ್ಲ, ವೆಲ್ಡಿಂಗಲ್ಲಿ ಹಲ್ಲು ಕಟ್ಟಿ ಫೈಲ್ ಹೊಡೆದು ಕೊಡ್ತೀವಿ’ ಅಂದರು. ಈ ಕಾರಿನಲ್ಲಿ ಫ್ಲೈವೀಲ್ ಮುಟ್ಟಬೇಕಾದರೆ ಇಂಜಿನ್ ಇಳಿಯಲೇಬೇಕು. ಸಿಗಲ್ಲ ಅಂದದ್ದೂ ಸುಳ್ಳು. ಎಂಜಿಬಿಯ ಬಿಡಿಭಾಗ ಇಂಗ್ಲೆಂಡಿನಿಂದ ಇವತ್ತಿಗೂ ತರಿಸಬಹುದು. ಆಗ ನನಗೆ ಗೊತ್ತಿರಲಿಲ್ಲ.

ಗಾಡಿ ವಾಪಸ್ ಬಂದಾಗ ವೇಗ ಅರವತ್ತು ದಾಟಿದರೆ ಸೀಟಿನ ಕೆಳಗೆ ನಡುಕ. ‘ಹೊಸ ಕ್ಲಚ್ ಸಾರ್, ಸೆಟ್ ಆಗುತ್ತೆ’ ಅಂದರು. ಏಪ್ರಿಲ್‌ನಲ್ಲಿ ಸೋಮೇಶ್ವರದಿಂದ ಘಾಟಿ ಹತ್ತುವಾಗ ಹದಿನಾಲ್ಕು ತಿರುವುಗಳ ಪೈಕಿ ಒಂದರಲ್ಲಿ ಎದುರಿಗೆ ಬಸ್ಸು ಬಂತು, ನಿಲ್ಲಿಸಿದೆ, ಇಂಜಿನ್ ಆಫ್ ಆಯಿತು. ಸೆಲ್ಫ್ ಹೊಡೆದರೆ ‘ಕಟ್’ ಅಂತ ಒಂದೇ ಸದ್ದು, ಎಲ್ಲ ಸ್ತಬ್ಧ. ಕಟ್ಟಿದ್ದ ಹಲ್ಲು ಮುರಿದು ಪಿನಿಯನ್ ಸಿಕ್ಕಿಕೊಂಡಿತ್ತು. ಹಿಂದೆ ಸಾಲುಗಟ್ಟಿದ ವಾಹನ, ಪಕ್ಕದಲ್ಲಿ ಹೆದರಿ ಕೂತ ಮಗಳು. ಬಸ್ಸಿನ ಕಂಡಕ್ಟರೂ ನಾಲ್ಕು ಹುಡುಗರೂ ಸೇರಿ ಗಾಡಿಯನ್ನು ಬದಿಗೆ ಸರಿಸಿಕೊಟ್ಟರು. ಅವರ ಉಪಕಾರ ಮರೆಯಲಾರೆ.

ಮನೆಗೆ ಎಳೆದು ತಂದ ಮೇಲೆ ಊರಿನ ಹಿರಿಯ ಮೇಸ್ತ್ರಿಯೊಬ್ಬರು ಬಿಚ್ಚಿ ತೋರಿಸಿದರು. ರಿಂಗಿನಲ್ಲಿ ಎದುರುಬದುರು ಎರಡೇ ಜಾಗದಲ್ಲಿ ಹಲ್ಲು ಸವೆದಿತ್ತು. ನಾಲ್ಕು ಸಿಲಿಂಡರ್ ಇಂಜಿನ್ ಆಫ್ ಆಗುವಾಗ ಕಂಪ್ರೆಶನ್‌ನಿಂದಾಗಿ ಹೆಚ್ಚುಕಮ್ಮಿ ಆ ಎರಡು ಜಾಗದಲ್ಲೇ ನಿಲ್ಲುವುದಂತೆ. ಆ ಎರಡೂ ಕಡೆ ವೆಲ್ಡಿಂಗ್ ಗಂಟು, ಒಂದು ಕಡೆ ಹೆಚ್ಚು ಒಂದು ಕಡೆ ಕಮ್ಮಿ. ನಡುಕ ಬಂದದ್ದು ಅಲ್ಲಿಂದ. ಗಂಟಿನ ಬುಡದಲ್ಲಿ ರಿಂಗೇ ಬಿರುಕು ಬಿಟ್ಟಿತ್ತು. ‘ಇದು ಟೆಂಪರ್ ಕೊಟ್ಟ, ಅಂದ್ರೆ ಕಾಯಿಸಿ ಹದ ಮಾಡಿದ ಉಕ್ಕು ಮಾರಾಯ್ರೆ, ವೆಲ್ಡಿಂಗ್ ಮಾಡಿದ್ರೆ ನಿಲ್ಲೂದಿಲ್ಲ’ ಅಂದರು. ಇಂಜಿನ್ನಿಗೂ ಕಾರಿನ ಬಾಡಿಗೂ ನಡುವೆ ಸೆಲ್ಫಿನ ಕರೆಂಟು ಹರಿಯುವ ಅರ್ತ್ ಪಟ್ಟಿಯೂ ಅರ್ಧ ಹರಿದಿತ್ತು. ಆ ಗ್ಯಾರೇಜಿನವರು ಅದನ್ನು ನೋಡಿರಲೇ ಇಲ್ಲ.

ಹೊಸ ರಿಂಗ್ ತರಿಸಿದೆವು. ತರಿಸುವವರು ಗಮನಿಸಿ: 1967ರ ಕೊನೆಗೆ ಸೆಲ್ಫಿನ ನಮೂನೆ ಬದಲಾಯಿತು, ಹಳೇದಕ್ಕೂ ಹೊಸದಕ್ಕೂ ರಿಂಗ್ ಬೇರೆ ಬೇರೆ. ಮೇಸ್ತ್ರಿಯವರು ಹಳೇ ರಿಂಗಿಗೆ ತೂತು ಕೊರೆದು ಉಳಿಯಿಂದ ಸೀಳಿ ತೆಗೆದರು. ಹೊಸದನ್ನು ಸುತ್ತಲೂ ಒಂದೇ ಸಮ ಕಾಯಿಸಿ ಇಳಿಸಿದರು. ಕೆಂಪಾಗುವಷ್ಟು ಕಾಯಿಸಿದರೆ ಟೆಂಪರ್ ಹೋಗುತ್ತದೆ, ಗ್ಯಾಸ್ ಕಟರ್ ಹಿಡಿದು ಅವಸರ ಮಾಡುವವರನ್ನು ಅಲ್ಲೇ ತಡೆಯಿರಿ. ಹಲ್ಲಿನ ಓರೆ ಮಾಡಿದ ಬದಿ ಪಿನಿಯನ್ ಬರುವ ಕಡೆಗೇ ಇರಬೇಕು. ಫ್ಲೈವೀಲ್ ಬ್ಯಾಲೆನ್ಸ್ ಮಾಡಿಸಿಯೇ ಜೋಡಿಸಿ.

ಮೇಸ್ತ್ರಿಯವರು ಹೇಳಿಕೊಟ್ಟ ಇನ್ನೊಂದು ಮಾತು ಅವತ್ತು ಘಾಟಿಯಲ್ಲಿ ಗೊತ್ತಿದ್ದರೆ ಚೆನ್ನಾಗಿತ್ತು. ಈ ಸೆಲ್ಫಿನ ಹಿಂಬದಿಯಲ್ಲಿ ಶಾಫ್ಟಿನ ಚೌಕದ ತುದಿ ಇರುತ್ತದೆ. ಪಿನಿಯನ್ ಸಿಕ್ಕಿಕೊಂಡರೆ ಇಗ್ನಿಷನ್ ಆಫ್ ಮಾಡಿ, ಅದಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬಿಡಿಸಿಕೊಳ್ಳಬಹುದು. ಆ ಅಳತೆಯ ಸ್ಪ್ಯಾನರ್ ಈಗ ನನ್ನ ಡಿಕ್ಕಿಯಲ್ಲಿದೆ. ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ಇಂಥ ಗಾಡಿ ಇರುವವರು ಝುಂಯ್ ಸದ್ದು ಕೇಳಿದರೆ ಮೊದಲು ನನಗೊಂದು ಮೆಸೇಜ್ ಹಾಕಿ. ಸ್ಪ್ಯಾನರ್ ಹಿಡಿದು ನಾನೇ ಬರುತ್ತೇನೆ.