ಏಬಲ್ ಟಾಸ್ಮನ್ ಕಡಲಲ್ಲಿ ಎರಡು ದಿನ: ಕಯಾಕ್ ಸಂಸ್ಥೆಯ ಪೂರ್ವಸಿದ್ಧತೆ ಹೇಗಿತ್ತು?

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉತ್ತರ ಅಂಚಿನಲ್ಲಿರುವ ಏಬಲ್ ಟಾಸ್ಮನ್ ರಾಷ್ಟ್ರೀಯ ಉದ್ಯಾನದ ಕರಾವಳಿಯಲ್ಲಿ ಕಳೆದ ಫೆಬ್ರುವರಿಯಲ್ಲಿ ನಾವು ಮೂವರು, ಅಂದರೆ ನಾನು, ನನ್ನ ಹೆಂಡತಿ ಮತ್ತು ಹೊನ್ನಾವರದಿಂದ ಬಂದಿದ್ದ ಅವಳ ಅಣ್ಣ, ಮಾರ್ಗದರ್ಶಕಿಯೊಬ್ಬರ ಜೊತೆ ಎರಡು ದಿನ ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿ ನಡೆಸಿ ಒಂದು ರಾತ್ರಿ ಡೇರೆಯಲ್ಲಿ ಮಲಗಿ ಬಂದೆವು. 1942ರಲ್ಲಿ ಸ್ಥಾಪನೆಯಾದ ಈ ಉದ್ಯಾನವು ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲೆಲ್ಲ ಚಿಕ್ಕದು. ಅಲ್ಲಿನ ಹೊಂಬಣ್ಣದ ಮರಳು ಮತ್ತು ಹಸಿರು ನೀರಿನ ಚಿತ್ರಗಳನ್ನು ಎಲ್ಲರೂ ನೋಡಿರುತ್ತಾರೆ, ಆದ್ದರಿಂದ ಅದರ ವರ್ಣನೆಗೆ ನಾನು ಹೋಗುವುದಿಲ್ಲ. ಒಬ್ಬರಿಗೆ ಸುಮಾರು ನಾಲ್ಕು ನೂರು ನ್ಯೂಜಿಲೆಂಡ್ ಡಾಲರ್ ಪಡೆದ ಸಂಸ್ಥೆಯು ದೋಣಿ ನೀರಿಗಿಳಿಯುವ ಮೊದಲು ನಮ್ಮನ್ನು ಎಷ್ಟರಮಟ್ಟಿಗೆ ಸಿದ್ಧಗೊಳಿಸಿತು ಎಂಬುದಷ್ಟೇ ಈ ವಿಮರ್ಶೆಯ ವಿಷಯ. ಉದ್ಯಾನದ ದಕ್ಷಿಣದ ಬಾಗಿಲಾದ ಮರಹೌ ಎಂಬ ಪುಟ್ಟ ಊರಿನಲ್ಲಿ ಇಂಥ ಸಂಸ್ಥೆಗಳು ಹಲವು ಇವೆ. ನನ್ನ ಬರಹದಲ್ಲಿ ದೂರುಗಳೂ ಇರುವುದರಿಂದ ಹೆಸರನ್ನು ಬಿಟ್ಟಿದ್ದೇನೆ.

ಹಣ ಕಟ್ಟಿದ ಮೇಲೆ, ಹೊರಡುವುದಕ್ಕೆ ಮೂರು ವಾರ ಮೊದಲು, ಒಂದು ಪಟ್ಟಿ ಬಂತು. ಏನು ತರಬೇಕು ಎಂಬುದರ ಜೊತೆಗೆ ಯಾಕೆ ತರಬೇಕು ಎಂಬುದನ್ನೂ ಬರೆದಿದ್ದದ್ದು ಅದರ ದೊಡ್ಡ ಗುಣ. ಹತ್ತಿಯ ಬಟ್ಟೆ ಮತ್ತು ಜೀನ್ಸ್ ಬೇಡ, ಉಣ್ಣೆ ಅಥವಾ ಬೇಗ ಒಣಗುವ ಕೃತಕ ನೂಲಿನ ಬಟ್ಟೆ ಬೇಕು ಎಂಬ ಮಾತು ಅರಬ್ಬಿ ಸಮುದ್ರದ ಬದಿಯಲ್ಲಿ ಬೆಳೆದವರಿಗೆ ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ, ಏಕೆಂದರೆ ಹೊನ್ನಾವರದ ಕಡಲಿನಲ್ಲಿ ತೊಯ್ದವನು ದಡಕ್ಕೆ ಬಂದರೆ ಬೆವರುತ್ತಾನೆಯೇ ಹೊರತು ನಡುಗುವುದಿಲ್ಲ. ಇಲ್ಲಿನ ಕಡಲ ನೀರು ನಡುಬೇಸಿಗೆಯಲ್ಲೂ 18ರಿಂದ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒದ್ದೆಯಾದ ಹತ್ತಿ ನೀರನ್ನು ಹಿಡಿದಿಟ್ಟುಕೊಂಡು, ಗಾಳಿ ಬೀಸಿದಂತೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಗಲ್ಲಕ್ಕೆ ದಾರವಿರುವ ಟೊಪ್ಪಿ, ಕನ್ನಡಕಕ್ಕೆ ಪಟ್ಟಿ, ಕಾಲಿಗೆ ಕಳಚಿಕೊಳ್ಳದ ಹಳೆಯ ಶೂ, ಮೈಗೆ ಬಿಸಿಲಿನ ಲೇಪ, ಹೀಗೆ ಸಾಗಿದ ಪಟ್ಟಿಯಲ್ಲಿ ಸಂಜೆಗೆ ಪಾದ ಮುಚ್ಚುವ ಉದ್ದನೆಯ ಪ್ಯಾಂಟು ಎಂಬುದೂ ಇತ್ತು. ಭಾವ ಅದೊಂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳದೆ ಲುಂಗಿ ತಂದಿದ್ದರು. ಸ್ಯಾಂಡ್‌ಫ್ಲೈ ಎಂಬ ಅಲ್ಲಿನ ಕಪ್ಪು ನೊಣ ನಮ್ಮ ಸೊಳ್ಳೆಯ ಹಾಗೆ ಹಾಡಿ ಎಚ್ಚರಿಸುವುದಿಲ್ಲ, ಸದ್ದಿಲ್ಲದೆ ಕಾಲಿಗೆ ಕೂತು ಕಚ್ಚುತ್ತದೆ. ಅದರ ತುರಿಕೆ ಅವರು ಊರಿಗೆ ಮರಳಿದ ಮೇಲೂ ವಾರವಿಡೀ ಇತ್ತಂತೆ.

ಆದರೆ ಆ ಪಟ್ಟಿಯು ನ್ಯೂಜಿಲೆಂಡಿನ ಒಳಗಿರುವವರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಎಂದು ನನಗೆ ತೋರಿತು. ಬಳಸಿದ ಡೇರೆ, ಮಣ್ಣು ಮೆತ್ತಿದ ಶೂ, ಯಾವುದೇ ತಿನಿಸು, ಇವನ್ನೆಲ್ಲ ವಿಮಾನ ನಿಲ್ದಾಣದಲ್ಲಿ ತಪ್ಪದೆ ಘೋಷಿಸಬೇಕು, ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ ಎಂಬ ವಿಷಯ ಅದರಲ್ಲಿ ಒಂದು ಸಾಲಿನಷ್ಟೂ ಇರಲಿಲ್ಲ. ನಾನು ಫೋನಿನಲ್ಲಿ ಹೇಳಿದ್ದರಿಂದ ಭಾವ ಪುಳಿಯೋಗರೆ ಗೊಜ್ಜಿನಿಂದ ಹಿಡಿದು ಚಾರಣದ ಶೂಗಳವರೆಗೆ ಎಲ್ಲವನ್ನೂ ಬರೆದುಕೊಟ್ಟರು. ಅಧಿಕಾರಿಗಳು ಶೂಗಳನ್ನು ಒಳಗೆ ಒಯ್ದು, ಸಹ್ಯಾದ್ರಿಯ ಕೆಂಪು ಮಣ್ಣನ್ನು ತೊಳೆದು, ಹೊಸದರಂತೆ ಮಾಡಿ ಹಿಂದಿರುಗಿಸಿದರು. ಜೇನುತುಪ್ಪದ ಬಾಟಲಿಯನ್ನು ಮಾತ್ರ ಇಟ್ಟುಕೊಂಡರು. ವಿದೇಶಿಯರಿಂದಲೇ ವ್ಯಾಪಾರ ನಡೆಸುವ ಸಂಸ್ಥೆಯು ಇದನ್ನು ತಾನಾಗಿಯೇ ತಿಳಿಸಬೇಕಿತ್ತು.

ನನ್ನ ದೊಡ್ಡ ದೂರು ಚೀಲದ ಕುರಿತಾದದ್ದು. ‘ತಲಾ ಒಂದು ನೀರುನಿರೋಧಕ ಚೀಲ’ ಎಂದು ಪಟ್ಟಿ ಹೇಳಿತ್ತು, ಅಳತೆಯನ್ನು ಹೇಳಿರಲಿಲ್ಲ. ನಾನು ಅಂಗಡಿಗೆ ಹೋಗಿ, ಬೆನ್ನಿಗೆ ಹಾಕಿಕೊಳ್ಳುವ ಪಟ್ಟಿಗಳಿದ್ದ ಅರವತ್ತು ಲೀಟರಿನ ಹಳದಿ ಚೀಲವನ್ನು ಹೆಮ್ಮೆಯಿಂದ ಕೊಂಡು ತಂದೆ. ಕಡಲ ಕಯಾಕಿನ ಹಿಂದೆ ಮುಂದೆ ಸಾಮಾನು ತುಂಬುವ ಜಾಗ ಸಾಕಷ್ಟಿದ್ದರೂ ಅದರ ಬಾಯಿ ಚಿಕ್ಕದು. ನಮಗೆ ಕೊಟ್ಟ ದೋಣಿಯ ಮುಂಭಾಗದ ಬಾಯಿ ಊಟದ ತಟ್ಟೆಗಿಂತ ಅಗಲವಿರಲಿಲ್ಲ. ಅದರೊಳಗೆ ನನ್ನ ಚೀಲ ತೂರುವುದು ಬಿಂದಿಗೆಯೊಳಗೆ ಕುಂಬಳಕಾಯಿ ತುರುಕಿದ ಹಾಗಾಯಿತು. ಮಾರ್ಗದರ್ಶಕಿ ನಗದೆ, ಗದರದೆ, ಇಡೀ ಚೀಲವನ್ನು ಹುಲ್ಲಿನ ಮೇಲೆ ಸುರಿಸಿ, ತಮ್ಮಲ್ಲಿದ್ದ ಹತ್ತು ಹದಿಮೂರು ಲೀಟರಿನ ಐದು ಚೀಲಗಳಿಗೆ ಅದನ್ನು ಹಂಚಿದರು. ಪ್ರತಿ ಚೀಲದ ಮೇಲೆ ಮೊಣಕಾಲೂರಿ ಗಾಳಿ ಹೊರಡಿಸಿದರು, ಬಾಯಿಯನ್ನು ಮೂರು ಸುತ್ತು ಮಡಚಿ ಕೊಕ್ಕೆ ಹಾಕಿದರು, ಹಗುರವಾದ ಮಲಗುಚೀಲವನ್ನು ಮೂತಿಯ ತುದಿಗೂ ನೀರು, ಡಬ್ಬಿಗಳಂಥ ಭಾರವನ್ನು ಆಸನದ ಹತ್ತಿರಕ್ಕೂ ಇರಿಸಿದರು. ತುದಿಯಲ್ಲಿ ಭಾರವಿದ್ದರೆ ದೋಣಿ ಅಲೆಯನ್ನು ಏರದೆ ಅದಕ್ಕೆ ತಲೆ ಕೊಡುತ್ತದೆ ಎಂದು ಅವರು ವಿವರಿಸುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು, ಉಳಿದ ನಾಲ್ವರು ಪ್ರವಾಸಿಗರು ನಮ್ಮ ಒಳಉಡುಪುಗಳನ್ನೆಲ್ಲ ನೋಡಿಯಾಗಿತ್ತು. ಪಟ್ಟಿಯಲ್ಲಿ ‘ದೊಡ್ಡದೊಂದರ ಬದಲು ಚಿಕ್ಕವು ನಾಲ್ಕು’ ಎಂಬ ನಾಲ್ಕು ಪದಗಳಿದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತು.

ದಡದಲ್ಲಿ ನಡೆದ ಪಾಠಕ್ಕೆ ಸುಮಾರು ಒಂದೂಕಾಲು ಗಂಟೆ ಹಿಡಿಯಿತು. ಲೈಫ್ ಜಾಕೆಟ್ ತೊಡಿಸಿದ ಮೇಲೆ ಮಾರ್ಗದರ್ಶಕಿ ಪ್ರತಿಯೊಬ್ಬರ ಹೆಗಲ ಪಟ್ಟಿಯನ್ನು ಎರಡೂ ಕೈಯಿಂದ ಮೇಲಕ್ಕೆಳೆದು, ಅದು ಕಿವಿಯವರೆಗೆ ಏರಿದರೆ ಮತ್ತೆ ಬಿಗಿಗೊಳಿಸಿದರು. ಇಬ್ಬರು ಕೂರುವ ದೋಣಿಯಲ್ಲಿ ಹಿಂದಿನವರ ಪಾದಗಳು ಚುಕ್ಕಾಣಿಯ ಪೆಡಲುಗಳ ಮೇಲಿರಬೇಕು, ಹುಟ್ಟು ಹಾಕುವ ಬಲ ತೋಳಿನಿಂದಲ್ಲ ಸೊಂಟದ ತಿರುವಿನಿಂದ ಬರಬೇಕು ಎಂಬಿತ್ಯಾದಿಗಳನ್ನು ಹುಲ್ಲಿನ ಮೇಲಿಟ್ಟ ದೋಣಿಯಲ್ಲಿ ಕೂರಿಸಿಯೇ ಕಲಿಸಿದರು. ಶರಾವತಿಯ ಅಳಿವೆಯಲ್ಲಿ ಪಾತಿದೋಣಿ ನಡೆಸಿ ಬೆಳೆದ ಭಾವನಿಗೆ ಕಾಲಿನಿಂದ ದೋಣಿ ತಿರುಗಿಸುವುದು ಕೊನೆಯವರೆಗೂ ಒಗ್ಗಲಿಲ್ಲ. ಪೆಡಲನ್ನು ಮರೆತು ಹುಟ್ಟನ್ನೇ ನೀರಿಗೆ ಒತ್ತಿಹಿಡಿಯುತ್ತಿದ್ದರು, ಮುಂದೆ ಕೂತ ನಾನು ಎರಡರಷ್ಟು ದುಡಿಯುತ್ತಿದ್ದೆ.

ಈ ಪಾಠದ ನಡುವೆ ನಡೆದ ಒಂದು ಸಣ್ಣ ಸಂಗತಿಗಾಗಿ ನಾನು ಈ ಸಂಸ್ಥೆಗೆ ಒಂದು ನಕ್ಷತ್ರ ಹೆಚ್ಚು ಕೊಡುತ್ತೇನೆ. ಅರ್ಜಿಯಲ್ಲಿ ಈಜು ಬರುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಹೆಂಡತಿ ‘ಬರುತ್ತದೆ’ ಎಂದು ತುಂಬಿದ್ದಳು, ಇಲ್ಲವೆಂದರೆ ಕರೆದೊಯ್ಯುವುದಿಲ್ಲವೇನೋ ಎಂಬ ಅಳುಕಿನಿಂದ. ಮಾರ್ಗದರ್ಶಕಿ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು, ಬೇರೆಯವರಿಗೆ ಕೇಳದಂತೆ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ಅವಳು ನಿಜ ಹೇಳಿದಳು. ಅವರು ಯಾವ ಮಾತೂ ಆಡದೆ ಅವಳನ್ನು ತಮ್ಮ ದೋಣಿಯ ಮುಂದಿನ ಆಸನಕ್ಕೆ ಬದಲಿಸಿದರು. ಸಂಜೆ ಅವಳೇ ಅದನ್ನು ಹೇಳಿದಾಗ ಭಾವ, ‘ನಿಂಗೆ ಈಜು ಬರ್ತದೆ ಅಂತ ಬರ್ಕೊಟ್ಟದ್ದಾ? ಮನೆ ಹಿಂದಿನ ಹೊಂಡಕ್ಕೂ ಇಳಿದವಳಲ್ಲ ನೀನು!’ ಎಂದು ಬೈದರು.

ದೋಣಿ ಮಗುಚಿದರೆ ಹೊರಬರುವ ಕ್ರಮವನ್ನು ಮಾತ್ರ ಒಣನೆಲದ ಮೇಲೆಯೇ ಮುಗಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಸೊಂಟಕ್ಕೆ ಕಟ್ಟಿ ಆಸನದ ಅಂಚಿಗೆ ಬಿಗಿಯುವ ಸ್ಪ್ರೇ ಸ್ಕರ್ಟಿನ ಕುಣಿಕೆಯನ್ನು ಮುಂದಕ್ಕೆ ಎಳೆದು ಬಿಡಿಸಿ, ಮುಂದಕ್ಕೆ ಬಾಗಿ, ಕೈಯೂರಿ ಕಾಲು ಕಳಚಿಕೊಳ್ಳಬೇಕು. ಹುಲ್ಲಿನ ಮೇಲೆ ಇದು ಮಕ್ಕಳಾಟ, ತಲೆಕೆಳಗಾಗಿ ಮೂಗಿಗೆ ನೀರು ನುಗ್ಗಿದಾಗ ಕೈ ಕುಣಿಕೆಯನ್ನು ಹುಡುಕುತ್ತದೆಯೇ ಎಂಬುದು ಬೇರೆ ಮಾತು. ಕೇಳಿದ್ದಕ್ಕೆ, ಅಗಲವಾದ ಜೋಡಿ ಕಯಾಕು ಮಗುಚುವುದು ಅಪರೂಪ, ಬೆಳಿಗ್ಗೆಯೇ ಎಲ್ಲರನ್ನೂ ತೋಯಿಸಿದರೆ ಗಾಳಿಯಲ್ಲಿ ಚಳಿ ಹಿಡಿಯುತ್ತದೆ ಎಂಬ ಉತ್ತರ ಬಂತು. ಅರ್ಧ ಒಪ್ಪಬಹುದು. ಆದರೆ ಎದೆಮಟ್ಟದ ನೀರು ಎದುರಿಗೇ ಇರುವಾಗ ಬೇಕೆಂದವರಿಗಾದರೂ ಒಂದು ಅವಕಾಶ ಕೊಡಬೇಕಿತ್ತು. ನೀವು ಹೋಗುವುದಾದರೆ ಹಣ ಕಟ್ಟುವ ಮೊದಲೇ ಇದನ್ನು ಕೇಳಿ.

ಭರತ-ಇಳಿತ ಮತ್ತು ಗಾಳಿಯ ವಿಷಯದಲ್ಲಿ ಸಂಸ್ಥೆಯ ಶಿಸ್ತಿಗೆ ಪೂರ್ತಿ ಅಂಕ. ಹೊನ್ನಾವರದಲ್ಲಿ ಭರತಕ್ಕೂ ಇಳಿತಕ್ಕೂ ಅಂತರ ಒಂದೂವರೆ ಎರಡು ಮೀಟರ್ ಇದ್ದೀತು. ಇಲ್ಲಿ ಅದು ದೊಡ್ಡ ಭರತದ ದಿನಗಳಲ್ಲಿ ನಾಲ್ಕು ಮೀಟರನ್ನು ದಾಟುತ್ತದೆ, ಇಳಿದಾಗ ಮರಹೌ ತೀರದಲ್ಲಿ ನೂರಾರು ಮೀಟರ್ ಮರಳು ತೆರೆದುಕೊಳ್ಳುತ್ತದೆ. ಅದಕ್ಕಾಗಿಯೇ ಅಲ್ಲಿ ದೋಣಿಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ನೀರಿನವರೆಗೆ ಎಳೆದೊಯ್ಯುತ್ತಾರೆ. ಬೇಸಿಗೆಯ ಒಳ್ಳೆಯ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವುದೂ ವಾಡಿಕೆ. ಹಿಂದಿನ ಸಂಜೆಯೇ ಹವಾಮಾನ ವರದಿ ನೋಡಿ, ಒಂಬತ್ತೂವರೆಯ ಹೊರಡುವ ಸಮಯವನ್ನು ಎಂಟಕ್ಕೆ ಎಳೆದು, ಕಾರಣಸಹಿತ ಸಂದೇಶ ಕಳುಹಿಸಿದ್ದರು. ಅಡೆಲ್ ದ್ವೀಪದ ಮರೆಯಿಂದ ಹೊರಬಿದ್ದು ಆಂಕರೇಜ್ ಕೊಲ್ಲಿಯ ಮರಳಿಗೆ ನಾವು ತಾಗಿದ ಅರ್ಧ ಗಂಟೆಯಲ್ಲಿ ಹೊರಗಡಲು ಬಿಳಿನೊರೆಯಿಂದ ತುಂಬಿದ್ದನ್ನು ಕಂಡ ಮೇಲೆ ಬೆಳಿಗ್ಗೆ ಬೇಗ ಎಬ್ಬಿಸಿದ್ದಕ್ಕೆ ಗೊಣಗಿದವರೆಲ್ಲ ಸುಮ್ಮನಾದರು. ಉದ್ಯಾನದ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಮಾರ್ಗದರ್ಶಕಿಯ ಬಳಿ ವಿಎಚ್ಎಫ್ ರೇಡಿಯೋ ಇತ್ತು, ತಮಗೇ ಏನಾದರೂ ಆದರೆ ಯಾವ ಗುಂಡಿ ಒತ್ತಿ ತುರ್ತು ಕರೆಯ 16ನೇ ಚಾನಲಿನಲ್ಲಿ ಹೇಗೆ ಕರೆಯಬೇಕೆಂದು ನಮ್ಮಲ್ಲಿ ಇಬ್ಬರಿಗೆ ಹೇಳಿಕೊಟ್ಟಿದ್ದರು.

ಶಿಬಿರದ ವ್ಯವಸ್ಥೆ ಚೊಕ್ಕವಾಗಿತ್ತು. ಡೇರೆ, ಗ್ಯಾಸ್ ಒಲೆ, ಪಾತ್ರೆ ಅವರದೇ. ಮಲಗುಚೀಲಕ್ಕೆ ಪ್ರತ್ಯೇಕ ಬಾಡಿಗೆ ಎಂಬುದನ್ನು ಮಾತ್ರ ಆ ಬೆಳಿಗ್ಗೆ ತಿಳಿಸಿದ್ದು ಸರಿಯಲ್ಲ. ಸಸ್ಯಾಹಾರ ಎಂದು ಬರೆದಿದ್ದನ್ನು ಮರೆಯದೆ ಬೇರೆ ಡಬ್ಬಿಯಲ್ಲೇ ತಂದಿದ್ದರು, ರುಚಿ ಸಪ್ಪೆ. ಗೊಜ್ಜು ಅಲ್ಲಿ ಕೆಲಸಕ್ಕೆ ಬಂತು. ವೇಕ ಎಂಬ ಹಾರಲಾರದ ಕಂದು ಹಕ್ಕಿ ಡೇರೆಯ ಜಿಪ್ ಒಂದು ಗೇಣು ತೆರೆದಿದ್ದರೂ ಒಳಗೆ ನುಗ್ಗುತ್ತದೆಂದು ಮೊದಲೇ ಎಚ್ಚರಿಸಿದ್ದರು, ಆದರೂ ನಮ್ಮ ಒಂದು ಬಿಸ್ಕತ್ತಿನ ಪೊಟ್ಟಣ ಹೋಯಿತು. ಅಲ್ಲಿ ಕಸದ ತೊಟ್ಟಿಗಳಿಲ್ಲ, ತಂದ ಕಸವನ್ನೆಲ್ಲ ತಂದವರೇ ಹೊತ್ತೊಯ್ಯಬೇಕು.

ಮರುದಿನ ಬಾರ್ಕ್ ಬೇವರೆಗೆ ಹುಟ್ಟು ಹಾಕಿ, ಅಲ್ಲಿಂದ ಕಯಾಕುಗಳನ್ನು ಏರಿಸಿಕೊಂಡ ಯಂತ್ರದೋಣಿಯಲ್ಲಿ ಮರಳಿದೆವು. ಇಳಿತದ ಹೊತ್ತಾದ್ದರಿಂದ ಟ್ರ್ಯಾಕ್ಟರ್ ನೀರಿಗೇ ಇಳಿದು ನಮ್ಮನ್ನು ಕೂತಂತೆಯೇ ಎಳೆದುಕೊಂಡು ಊರಿನ ರಸ್ತೆಗೆ ಬಂತು. ಲೈಫ್ ಜಾಕೆಟ್ ತೊಟ್ಟು ರಸ್ತೆಯ ಮೇಲೆ ದೋಣಿಯಲ್ಲಿ ಹೋಗುತ್ತಿದ್ದ ಭಾವ, ‘ಊರಲ್ಲಿ ಹೇಳಿದ್ರೆ ಯಾರೂ ನಂಬೂದಿಲ್ಲ, ಒಂದು ಫೋಟೋ ತೆಗಿ’ ಎಂದು ತಂಗಿಗೆ ಮೂರು ಸಲ ಹೇಳಿದರು. ಮುಂದಿನ ಫೆಬ್ರುವರಿಗೆ ಅದೇ ಸಂಸ್ಥೆಯಲ್ಲಿ, ಈ ಬಾರಿ ಮೂರು ದಿನಕ್ಕೆ, ಮುಂಗಡ ಕಟ್ಟಿದ್ದೇನೆ. ನನ್ನ ಹೆಂಡತಿ ಈಜಿನ ತರಗತಿಗೆ ಸೇರಿದ್ದಾಳೆ. ಅರವತ್ತು ಲೀಟರಿನ ಹಳದಿ ಚೀಲದಲ್ಲಿ ಸದ್ಯಕ್ಕೆ ಮನೆಯ ಚಳಿಗಾಲದ ಹೊದಿಕೆಗಳಿವೆ.