12 ವಾರದ ಕೌನ್ಸೆಲಿಂಗ್: ಅಪ್ಪ ಸುಧಾರಿಸಿದರು, ರಿಪೋರ್ಟ್ ಒಪ್ಪಲಿಲ್ಲ

ಅಪ್ಪನಿಗೆ 76. ಅಮ್ಮ ಹೋದ ಮೇಲೆ ಮಾತೇ ಕಮ್ಮಿಯಾಗಿತ್ತು. 12 ವಾರ ಒಂದು ಕೌನ್ಸೆಲಿಂಗ್ ಸೆಂಟರ್‌ಗೆ ಕರೆದುಕೊಂಡು ಹೋದೆ. ಕೌನ್ಸೆಲರ್ ಮೇಡಂ ತುಂಬಾ ಒಳ್ಳೆಯವರು. ನನ್ನ ತಕರಾರು ಇರೋದು ಅಲ್ಲಿ ಅಳೆಯುವ ರೀತಿ ಬಗ್ಗೆ.

ಮೊದಲ ದಿನ ಪಿಎಚ್‌ಕ್ಯೂ-9 ಅಂತ ಖಿನ್ನತೆ ಅಳೆಯುವ ಪ್ರಶ್ನಾವಳಿ ತುಂಬಿಸಿದರು. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಅಂಕ ಜಾಸ್ತಿಯಾದಷ್ಟೂ ಖಿನ್ನತೆ ಜಾಸ್ತಿ. ನಿದ್ದೆ ಹೇಗಿದೆ ಅಂದಾಗ ಅಪ್ಪ, "ರಾತ್ರಿ ನಾಲ್ಕು ಸಲ ಏಳ್ತೀನಮ್ಮಾ, ಪ್ರಾಸ್ಟೇಟ್ ಕಾಟ" ಅಂದರು. ಅಸಿಸ್ಟೆಂಟ್ ಹುಡುಗಿ ತಲೆ ಎತ್ತದೆ 3 ಬರೆದುಕೊಂಡಳು. ಸುಸ್ತಿಗೂ 3. ಈ ಆರು ಅಂಕ ಕೊನೆವರೆಗೂ ಅಲುಗಲಿಲ್ಲ. ಮಾತಾಡಿಸಿದರೆ ಪ್ರಾಸ್ಟೇಟ್ ವಾಸಿಯಾಗುತ್ತಾ?

ಅವತ್ತು ನಾನೂ ಪಕ್ಕದಲ್ಲೇ ಕೂತಿದ್ದೆ. ಮಗಳ ಮುಂದೆ ಬೇಜಾರು ಅಂತ ಯಾವ ಅಪ್ಪ ಹೇಳ್ತಾರೆ? ಬಂದಿದ್ದು 9. ಮೂರನೇ ವಾರ ಒಬ್ಬರನ್ನೇ ಕೂರಿಸಿ ಕೇಳಿದಾಗ 14. ಕೊನೆಗೆ 10. ರಿಪೋರ್ಟಲ್ಲಿ ಮೊದಲನೆಯದು, ಕೊನೆಯದು ಮಾತ್ರ ಹಾಕಿದ್ದಾರೆ: 9, 10. ನೋಡಿದವರು ಚಿಕಿತ್ಸೆಯಿಂದ ಹೆಚ್ಚಾಯ್ತು ಅಂದುಕೊಳ್ಳಬೇಕು.

ನಾನು ಗಲಾಟೆ ಮಾಡಿದ ಮೇಲೆ ನಾಲ್ಕನೇ ವಾರದಿಂದ ಜಿಡಿಎಸ್ ಅನ್ನೋ ಇನ್ನೊಂದು ಖಿನ್ನತೆ ಪ್ರಶ್ನಾವಳಿ ಕೂಡ ಶುರು ಮಾಡಿದರು. 1980ರ ದಶಕದಲ್ಲಿ ವಯಸ್ಸಾದವರಿಗೆಂದೇ ಮಾಡಿದ್ದು. 15 ಪ್ರಶ್ನೆ, ಹೌದು ಇಲ್ಲ ಅಂದರೆ ಸಾಕು. ನಿದ್ದೆ, ಹಸಿವಿನ ಗೊಡವೆಗೇ ಹೋಗಲ್ಲ. ಅದರಲ್ಲಿ 11 ಇದ್ದದ್ದು 6ಕ್ಕೆ ಬಂತು. ಅದೂ ಪೂರ್ತಿ ಸರಿಯಿಲ್ಲ ಬಿಡಿ. ಹೊರಗೆ ಹೋಗೋದಕ್ಕಿಂತ ಮನೇಲಿರೋದೇ ಇಷ್ಟವಾ ಅಂತ ಒಂದು ಪ್ರಶ್ನೆ ಇದೆ. "ಈ ಮಂಡಿ ಇಟ್ಕೊಂಡು ಎಲ್ಲಿಗೆ ಹೋಗ್ಲಿ?" ಅಂತ ಅಪ್ಪ ಪ್ರತಿ ಸಲ ರೇಗುತ್ತಿದ್ದರು.

ನನಗೆ ಹಿಡಿಸಿದ್ದು ಮೇಡಂ ಕೈಯಲ್ಲಿ ಬರೆದುಕೊಟ್ಟ ಒಂದು ಹಾಳೆ. ಅಪ್ಪನೇ ಇಟ್ಟುಕೊಂಡ ಗುರಿ ಎಷ್ಟು ಮುಟ್ಟಿದರು ಅಂತ ಅಳೆಯೋದು. ಗುರಿ: ಅಮ್ಮನ ಬೀರು. ಬೀಗದ ಕೈ ಮುಟ್ಟದಿದ್ದರೆ ಮೈನಸ್ 2. ಬಾಗಿಲು ತೆಗೆದು ನೋಡಿದರೆ 0. ಬಟ್ಟೆ ಎತ್ತಿ ಯಾರಿಗಾದರೂ ಕೊಟ್ಟರೆ ಪ್ಲಸ್ 2. ಹನ್ನೊಂದನೇ ವಾರ ಅಪ್ಪ ಬೀರು ತೆಗೆದರು. ಐದು ನಿಮಿಷ ನಿಂತು, ಒಂದು ಶಾಲು ಮಾತ್ರ ಹೊರಗಿಟ್ಟು ಮುಚ್ಚಿದರು. ಈ ಹಾಳೆ ರಿಪೋರ್ಟಿಗೆ ಸೇರಲೇ ಇಲ್ಲ.

ಹೋಗುವವರು ಪ್ರಶ್ನೆ ಕೇಳುವಾಗ ಸುಮ್ನೆ ಹೊರಗೆ ಕೂತಿರಿ. ಮೇಡಂಗೆ ಐದಕ್ಕೆ ಐದು, ಸೆಂಟರ್‌ಗೆ ಮೂರು. ಮೂರು ತಿಂಗಳಿಗೆ ಫೋನ್ ಮಾಡಿ ಮತ್ತೆ ವಿಚಾರಿಸ್ತೀವಿ ಅಂದಿದ್ದರು. ಐದನೇ ತಿಂಗಳು ನಡೀತಿದೆ.